ಅಂಗವಿಕಲರ ಮಾಸಾಶನ, ಮನೆ ಆಸ್ತಿಯ ಪಾಲು: ಯಾವ ಕೆಲಸ ಮೊದಲು, ಯಾವುದು ಆಮೇಲೆ

ಅಪ್ಪಯ್ಯ ತೀರಿಕೊಂಡು ವರ್ಷ ತುಂಬುವುದರೊಳಗೆ ತೋಟದ ಮಾತು ಬರುತ್ತದೆ. ಮನೆಯಲ್ಲಿ ಅಂಗವಿಕಲ ಅಣ್ಣನೋ ತಂಗಿಯೋ ಇದ್ದರೆ, ‘ಅವರಿಗೆ ಎಂತಕ್ಕೆ ಜಮೀನು, ನಾವು ನೋಡಿಕೊಳ್ಳುತ್ತೇವಲ್ಲ’ ಎಂಬ ಮಾತೂ ಜೊತೆಗೇ ಬರುತ್ತದೆ. ಆಗ ಸೋದರಳಿಯನೋ, ಪಕ್ಕದ ಮನೆಯವರೋ ಸಹಾಯಕ್ಕೆ ನಿಲ್ಲುತ್ತಾರೆ. ಅವರಲ್ಲಿ ಹೆಚ್ಚಿನವರು ಒಂದೇ ಕಡೆ ಎಡವುತ್ತಾರೆ. ನೇರವಾಗಿ ಪಾಲಿನ ಜಗಳದಿಂದ ಶುರು ಮಾಡುತ್ತಾರೆ.

ನಾವೂ ಹಾಗೇ ಮಾಡಿದ್ದೆವು. ನಮ್ಮ ಸೋದರಮಾವನಿಗೆ ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ, ಮಾತೂ ಬರುತ್ತಿರಲಿಲ್ಲ. ಅವರ ಪಾಲು ಕೇಳಲು ನಾವು ಹತ್ತು ಜನರನ್ನು ಸೇರಿಸಿ ಪಂಚಾಯಿತಿಗೆ ಕೂತೆವು. ಜೋರಾಗಿ ಮಾತಾಡಿದೆವು. ರಾತ್ರಿ ನಾವೆಲ್ಲ ನಮ್ಮ ನಮ್ಮ ಮನೆಗೆ ಹೋದೆವು. ಮಾವಯ್ಯ ಮಾತ್ರ ಅದೇ ಮನೆಯಲ್ಲಿ, ಅದೇ ತಟ್ಟೆಗೆ ಕೂರಬೇಕಿತ್ತು. ಮುಂದಿನ ತಿಂಗಳು ಅವರು ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ ಬಂದರು. ಅವರಿಗೆ ತಮ್ಮ ಹೆಸರು ಬರೆಯಲು ಬರುತ್ತಿತ್ತು!

ಊಟಕ್ಕೆ ಇನ್ನೊಬ್ಬರ ಮುಖ ನೋಡುವವರೆಗೆ ಆ ಮನುಷ್ಯನ ಸಹಿ ಅವರ ಕೈಯಲ್ಲಿ ಇರುವುದಿಲ್ಲ. ಅದಕ್ಕೇ ಈ ಕ್ರಮ: ಮೊದಲು ಅವರದೇ ಗುರುತಿನ ಚೀಟಿ, ಅವರದೇ ಬ್ಯಾಂಕ್ ಖಾತೆ, ಅವರದೇ ಮಾಸಾಶನ. ಆಮೇಲೆ ಆಸ್ತಿ.

ಕಾಯುವ ಹಾಗಿಲ್ಲದ ಎರಡು ಸಂದರ್ಭ

ಒಂದು, ಹೊಡೆತ, ಕೂಡಿಹಾಕುವುದು, ಊಟ ನೀರು ಕೊಡದೆ ಇರುವುದು. ಹೀಗಾಗುತ್ತಿದ್ದರೆ ಈಗಲೇ 112ಕ್ಕೆ ಫೋನ್ ಮಾಡಿ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರ 7ನೇ ಕಲಂ ಪ್ರಕಾರ ಕಾರ್ಯನಿರ್ವಾಹಕ ದಂಡಾಧಿಕಾರಿಗೂ ದೂರು ಕೊಡಬಹುದು. ನಮ್ಮಲ್ಲಿ ಹಾಗೆಂದರೆ ತಹಶೀಲ್ದಾರರು ಅಥವಾ ಉಪವಿಭಾಗಾಧಿಕಾರಿ. ತೊಂದರೆಯಲ್ಲಿರುವವರನ್ನು ಅಲ್ಲಿಂದ ಬಿಡಿಸಲು, ರಕ್ಷಣೆ ಕೊಡಲು ಆದೇಶ ಮಾಡುವ ಅಧಿಕಾರ ಈ ಅಧಿಕಾರಿಗಳಿಗಿದೆ. ನೋಡಿಕೊಳ್ಳುವ ಹೊಣೆ ಹೊತ್ತವರು ಬೇಕೆಂದೇ ಊಟ ನೀರು ತಪ್ಪಿಸಿದರೆ 92ನೇ ಕಲಂ ಅಡಿ 6 ತಿಂಗಳಿಂದ 5 ವರ್ಷದವರೆಗೆ ಜೈಲು. ತೊಂದರೆಯಲ್ಲಿರುವವರು ಹೆಣ್ಣುಮಗಳಾದರೆ 181 ಸಹಾಯವಾಣಿ ಇದೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಗಂಡನ ಮನೆಗೆ ಮಾತ್ರ ಅಂತ ಹಲವರು ತಿಳಿದಿದ್ದಾರೆ. ಅಣ್ಣನ ಜೊತೆ ಒಂದೇ ಮನೆಯಲ್ಲಿರುವ ತಂಗಿಗೂ ಅದು ಅನ್ವಯಿಸುತ್ತದೆ. ಅವಳನ್ನು ಮನೆಯಿಂದ ಸುಮ್ನೆ ಹೊರಗೆ ಹಾಕುವ ಹಾಗಿಲ್ಲ.

ಎರಡು, ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಜಮೀನಿನ ದಾಖಲೆಯನ್ನು ವಾರಸುದಾರರ ಹೆಸರಿಗೆ ಬದಲಾಯಿಸಲು, ಅರ್ಜಿ ಆಗಲೇ ಬಿದ್ದಿದ್ದರೆ. ತಕರಾರು ಹಾಕಲು ನೋಟಿಸಿನಲ್ಲಿ ಇಷ್ಟೇ ದಿನ ಅಂತ ಇರುತ್ತದೆ. ಹಾಗಿದ್ದರೆ ನೇರವಾಗಿ 6ನೇ ಹಂತಕ್ಕೆ ಹೋಗಿ, ಅದನ್ನು ಮುಗಿಸಿ ಇಲ್ಲಿಗೆ ವಾಪಸ್ ಬನ್ನಿ.

ಹಂತ 1: ಅವರ ಜೊತೆ ಒಬ್ಬರೇ ಕೂತು ಮಾತಾಡಿ

ಮನೆಯವರ ಎದುರು ಕೇಳಿದರೆ ‘ಎಲ್ಲ ಚೆನ್ನಾಗಿದೆ’ ಎಂದೇ ಹೇಳುತ್ತಾರೆ. ತೋಟದ ಕಡೆ ಹೋಗುವಾಗ, ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ಕೇಳಿ. ಎಲ್ಲಿ ಇರಲು ಇಷ್ಟ? ಯಾರ ಹತ್ತಿರ ಹೆದರಿಕೆ? ಯಾವುದಾದರೂ ಕಾಗದಕ್ಕೆ ಸಹಿ ಹಾಕಿದ್ದೀರಾ?

ಒಂದೇ ಸಲಕ್ಕೆ ಉತ್ತರ ಸಿಗುವುದಿಲ್ಲ. ಮೂರ್ನಾಲ್ಕು ಸಲ ಬೇರೆ ಬೇರೆ ದಿನ ಕೇಳಿ. ಮಾತು ಬಾರದವರಾದರೆ ಅವರ ಸನ್ನೆ ಅರ್ಥ ಆಗುವವರನ್ನು ಕರೆದುಕೊಂಡು ಹೋಗಿ, ಆದರೆ ಅವರು ಪಾಲುದಾರರಲ್ಲಿ ಒಬ್ಬರಾಗಿರಬಾರದು. ಅವರು ಹೇಳಿದ್ದನ್ನು ತಾರೀಕು ಹಾಕಿ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ.

ಇಲ್ಲಿ ನಿಮ್ಮ ಬಗ್ಗೆಯೂ ಒಂದು ಮಾತು. ಆ ಆಸ್ತಿಯಲ್ಲಿ ನಿಮಗೂ ಪಾಲು ಬರುವುದಿದ್ದರೆ, ಆಸ್ತಿಯ ವಿಷಯದಲ್ಲಿ ಅವರ ಪರವಾಗಿ ನಿಲ್ಲಬೇಡಿ. ವಿಕಲಚೇತನರ ಹಕ್ಕುಗಳ ಕಾಯ್ದೆಯ 13ನೇ ಕಲಂ ಇದನ್ನೇ ಹೇಳುತ್ತದೆ: ಸಹಾಯ ಮಾಡುವವರ ಲಾಭಕ್ಕೂ ಅಂಗವಿಕಲರ ಲಾಭಕ್ಕೂ ತಿಕ್ಕಾಟ ಬಂದರೆ, ಆ ವ್ಯವಹಾರದಿಂದ ಸಹಾಯ ಮಾಡುವವರು ಹಿಂದೆ ಸರಿಯಬೇಕು. ಮಾಸಾಶನಕ್ಕೆ ಓಡಾಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಪಾಲಿನ ಮಾತಿಗೆ ಪಾಲುದಾರರಲ್ಲದ ಇನ್ನೊಬ್ಬರನ್ನು ಹುಡುಕಿ.

ಹಂತ 2: ಒಂದು ಫೈಲು ಮಾಡಿ

ಆಧಾರ್, ಪಡಿತರ ಚೀಟಿ, ಮತದಾರರ ಚೀಟಿ, ಬ್ಯಾಂಕ್ ಪಾಸ್‌ಬುಕ್, ಶಾಲೆಗೆ ಹೋಗಿದ್ದರೆ ವರ್ಗಾವಣೆ ಪತ್ರ, ಹಳೆಯ ಆಸ್ಪತ್ರೆ ಚೀಟಿಗಳು, ಅಪ್ಪ ಅಮ್ಮ ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ. ಪ್ರತಿಯೊಂದರ ಎರಡೆರಡು ಜೆರಾಕ್ಸ್ ಮಾಡಿಸಿ, ಒಂದು ಸೆಟ್ಟನ್ನು ಆ ಮನೆಯಿಂದ ಹೊರಗೆ ಇಡಿ.

ಎಲ್ಲ ಕಾಗದದಲ್ಲೂ ಹೆಸರು ಒಂದೇ ಥರ ಇದೆಯಾ ನೋಡಿ. ಆಧಾರ್‌ನಲ್ಲಿ ‘ನಾಗರಾಜ’, ಪಡಿತರ ಚೀಟಿಯಲ್ಲಿ ‘ನಾಗಪ್ಪ’ ಅಂತ ಇದ್ದರೆ ಮೊದಲು ಆಧಾರ್ ಸರಿ ಮಾಡಿಸಿ. ಇದನ್ನು ಬಿಟ್ಟು ಮುಂದೆ ಹೋದವರು ಮೂರು ತಿಂಗಳ ಮೇಲೆ ಮತ್ತೆ ಇಲ್ಲಿಗೇ ಬರುತ್ತಾರೆ. ಆಧಾರ್‌ಗೆ ಯಾರ ಮೊಬೈಲ್ ನಂಬರ್ ಜೋಡಿಸಿದೆ ಅಂತಲೂ ಕೇಳಿ. ಅದು ಅಣ್ಣನ ನಂಬರ್ ಆಗಿದ್ದರೆ ಒಟಿಪಿ ಎಲ್ಲ ಅಣ್ಣನಿಗೇ ಹೋಗುತ್ತದೆ.

ಹಂತ 3: ಯುಡಿಐಡಿ ಕಾರ್ಡ್

ಯುಡಿಐಡಿ ಅಂದರೆ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ. ಮೊದಲ ಫೋನ್ ನಿಮ್ಮ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರಿಗೆ ಇರಲಿ. ಜನ ಅವರನ್ನು ವಿಆರ್‌ಡಬ್ಲ್ಯೂ ಎನ್ನುತ್ತಾರೆ. ತಾಲೂಕು ಪಂಚಾಯಿತಿಯಲ್ಲಿ ಎಂಆರ್‌ಡಬ್ಲ್ಯೂ ಇರುತ್ತಾರೆ. ಇವರಲ್ಲಿ ಹೆಚ್ಚಿನವರು ಸ್ವತಃ ಅಂಗವಿಕಲರು. ಯಾವ ಕೆಲಸಕ್ಕೆ ಎಲ್ಲಿಗೆ ಹೋಗಬೇಕು ಎಂದು ಇವರಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರುವುದಿಲ್ಲ.

ಅರ್ಜಿಯನ್ನು ಸ್ವಾವಲಂಬನ್ ಕಾರ್ಡ್ ವೆಬ್‌ಸೈಟಿನಲ್ಲಿ ಹಾಕಬೇಕು. ಅರ್ಜಿ ಹಾಕಿದ ಮೇಲೆ ವೈದ್ಯರ ತಪಾಸಣೆ ಇರುತ್ತದೆ. ತಾಲೂಕು ಆಸ್ಪತ್ರೆಯಲ್ಲಿ ಆ ತಜ್ಞರು ಇಲ್ಲದಿದ್ದರೆ ನಮ್ಮ ಜಿಲ್ಲೆಯವರು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗಬೇಕಾಗುತ್ತದೆ. ಹೊರಡುವ ಮೊದಲು ನಿಮಗೆ ಬೇಕಾದ ತಜ್ಞರು ಯಾವ ವಾರ ಕೂರುತ್ತಾರೆ ಎಂದು ಕೇಳಿಕೊಳ್ಳಿ. ಹೊಸನಗರದ ಒಳಗಿನ ಹಳ್ಳಿಯಿಂದ ಗಾಲಿಕುರ್ಚಿಯವರನ್ನು ಬಸ್ಸಿನಲ್ಲಿ ಕರೆತಂದು, ‘ಡಾಕ್ಟರ್ ಇವತ್ತು ಇಲ್ಲ’ ಎನ್ನಿಸಿಕೊಂಡು ವಾಪಸ್ ಹೋಗುವುದು ಎಷ್ಟು ಕಷ್ಟ ಅಲ್ವಾ? ಆದಷ್ಟೂ ಮಳೆಗಾಲಕ್ಕೆ ಮೊದಲೇ ಮುಗಿಸಿ.

ಬುದ್ಧಿ ಬೆಳವಣಿಗೆಯ ತೊಂದರೆ, ಮಾನಸಿಕ ಕಾಯಿಲೆ ಇದ್ದವರ ತಪಾಸಣೆಗೆ ಜಾಸ್ತಿ ಹೊತ್ತು ಬೇಕು. ಹಳೆಯ ಚೀಟಿಗಳನ್ನೆಲ್ಲ ತೆಗೆದುಕೊಂಡು ಹೋಗಿ. ‘ನಮ್ಮ ಮನೆಯವರಿಗೆ ಎಲ್ಲ ಗೊತ್ತಾಗುತ್ತದೆ’ ಎಂದು ಮರ್ಯಾದೆಗೆ ಹೇಳಬೇಡಿ. ಸ್ನಾನ, ಊಟ, ದುಡ್ಡು ಎಣಿಸುವುದು, ಬಸ್ಸಿನಲ್ಲಿ ಒಬ್ಬರೇ ಹೋಗುವುದು, ಇವುಗಳಲ್ಲಿ ಏನು ಆಗುತ್ತದೆ, ಏನು ಆಗುವುದಿಲ್ಲ ಎಂದು ಇದ್ದದ್ದು ಇದ್ದ ಹಾಗೆ ಹೇಳಿ.

ಕಾರ್ಡಿನ ಮೇಲೆ ಬಿಳಿ ಪಟ್ಟಿ ಇದ್ದರೆ ಶೇ. 40ಕ್ಕಿಂತ ಕಡಿಮೆ, ಹಳದಿ ಇದ್ದರೆ 40ರಿಂದ 79, ನೀಲಿ ಇದ್ದರೆ 80 ಮತ್ತು ಮೇಲೆ. ಹೆಚ್ಚಿನ ಸೌಲಭ್ಯಗಳಿಗೆ ಶೇ. 40 ಆಗಿರಲೇಬೇಕು.

ಎಚ್ಚರ: ಕೆಲವರ ಪ್ರಮಾಣಪತ್ರ ತಾತ್ಕಾಲಿಕ. ಅದರ ಅವಧಿ ಮುಗಿಯುವ ತಾರೀಕನ್ನು ಫೈಲಿನ ಮೇಲೆ ದಪ್ಪಕ್ಷರದಲ್ಲಿ ಬರೆಯಿರಿ. ಮಾಸಾಶನ ಇದ್ದಕ್ಕಿದ್ದಂತೆ ನಿಂತರೆ ಮೊದಲು ಈ ತಾರೀಕನ್ನು ನೋಡಿ.

ಹಂತ 4: ಅವರದೇ ಖಾತೆ, ಆಮೇಲೆ ಮಾಸಾಶನ

ಈ ಕ್ರಮವನ್ನು ತಿರುವುಮುರುವು ಮಾಡಬೇಡಿ. ಮಾಸಾಶನದ ದುಡ್ಡು ಆಧಾರ್ ಜೋಡಿಸಿದ ಖಾತೆಗೆ ಬೀಳುತ್ತದೆ. ಖಾತೆ ಎರಡು ಇದ್ದರೆ, ಕೊನೆಗೆ ಯಾವುದಕ್ಕೆ ಆಧಾರ್ ಜೋಡಿಸಿದೆಯೋ ಅದಕ್ಕೆ ಹೋಗುತ್ತದೆ. ಎಷ್ಟೋ ಮನೆಗಳಲ್ಲಿ ‘ಮಂಜೂರಾಗಿದೆ, ಆದರೆ ಬಂದಿಲ್ಲ’ ಎನ್ನುವುದರ ಹಿಂದೆ ಇದೇ ಇರುತ್ತದೆ.

ಖಾತೆ ಅವರೊಬ್ಬರ ಹೆಸರಿನಲ್ಲೇ ಇರಲಿ. ಎಟಿಎಂ ಕಾರ್ಡ್, ಪಿನ್, ಪಾಸ್‌ಬುಕ್ ಮೂರೂ ಒಬ್ಬ ಅಣ್ಣನ ಜೇಬಿನಲ್ಲಿ ಇದ್ದರೆ ಆ ಖಾತೆ ಅವರದಲ್ಲ. ಬೇಕಾದರೆ ಎಟಿಎಂ ಕಾರ್ಡೇ ಬೇಡ ಎಂದು ಬ್ಯಾಂಕಿಗೆ ಬರೆದುಕೊಡಿ. ತಿಂಗಳಿಗೆ ಒಂದು ಸಲ ಅವರನ್ನೇ ಬ್ಯಾಂಕಿಗೆ ಕರೆದುಕೊಂಡು ಹೋಗಿ, ದುಡ್ಡು ಅವರ ಕೈಗೇ ಬರಲಿ. ನೀವೂ ಆ ಕಾರ್ಡನ್ನು ಇಟ್ಟುಕೊಳ್ಳಬೇಡಿ.

ಮಾಸಾಶನದ ಅರ್ಜಿ ನಾಡಕಚೇರಿಯಲ್ಲಿ. ಯುಡಿಐಡಿ, ಆಧಾರ್, ಪಡಿತರ ಚೀಟಿ, ಪಾಸ್‌ಬುಕ್, ಫೋಟೊ ಬೇಕು. ಗ್ರಾಮ ಆಡಳಿತ ಅಧಿಕಾರಿ ಪರಿಶೀಲಿಸಿ ವರದಿ ಕೊಡುತ್ತಾರೆ. ಆದಾಯದ ಮಿತಿಯನ್ನೂ ನೋಡುತ್ತಾರೆ. ಅಂಗವೈಕಲ್ಯ ಜಾಸ್ತಿ ಇದ್ದಷ್ಟು ಮೊತ್ತವೂ ಜಾಸ್ತಿ. ಸ್ವೀಕೃತಿ ಚೀಟಿ ತೆಗೆದುಕೊಳ್ಳದೆ ಕೌಂಟರ್ ಬಿಟ್ಟು ಬರಬೇಡಿ.

ಇನ್ನೊಂದು ವಿಷಯವನ್ನು ತುಂಬಾ ಜನ ಮರೆಯುತ್ತಾರೆ. ತೀರಿಕೊಂಡ ಅಪ್ಪನೋ ಅಮ್ಮನೋ ಸರ್ಕಾರಿ ನೌಕರಿಯಲ್ಲಿದ್ದು ಪಿಂಚಣಿ ಪಡೆಯುತ್ತಿದ್ದರೆ, ದುಡಿದು ತಿನ್ನಲಾಗದ ಅಂಗವಿಕಲ ಮಗ ಅಥವಾ ಮಗಳಿಗೆ ಜೀವನಪೂರ್ತಿ ಕುಟುಂಬ ಪಿಂಚಣಿ ಸಿಗಬಹುದು. ಇದು ಮಾಸಾಶನಕ್ಕಿಂತ ತುಂಬಾ ದೊಡ್ಡ ಮೊತ್ತ. ಅವರು ಕೆಲಸ ಮಾಡಿದ ಇಲಾಖೆಗೇ ಅರ್ಜಿ ಕೊಡಬೇಕು. ಅಪ್ಪ ಬದುಕಿದ್ದೂ ನೋಡಿಕೊಳ್ಳದಿದ್ದರೆ, ವಯಸ್ಸಿಗೆ ಬಂದ ಅಂಗವಿಕಲ ಮಕ್ಕಳು ಜೀವನಾಂಶ ಕೇಳಬಹುದು. ಅದಕ್ಕೆ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 144ನೇ ಕಲಂ ಇದೆ. ಅಣ್ಣತಮ್ಮಂದಿರ ಮೇಲೆ ಆ ಕಲಂ ನಡೆಯುವುದಿಲ್ಲ.

ಹಂತ 5: ಆಸ್ತಿ ಏನೇನಿದೆ, ಯಾರ ಹೆಸರಿನಲ್ಲಿದೆ

ಮೊದಲ ದುಡ್ಡು ಖಾತೆಗೆ ಬಿದ್ದ ಮೇಲೆ ಈ ಕೆಲಸಕ್ಕೆ ಇಳಿಯಿರಿ. ಇದಕ್ಕೆ ಯಾರ ಒಪ್ಪಿಗೆಯೂ ಬೇಡ, ಜಗಳವೂ ಬೇಡ.

ಪಹಣಿ ತೆಗೆಸಿ. 9ನೇ ಕಾಲಂನಲ್ಲಿ ಮಾಲೀಕರ ಹೆಸರು, 11ರಲ್ಲಿ ಸಾಲ ಮತ್ತು ಇತರ ಹಕ್ಕು, 12ರಲ್ಲಿ ಸಾಗುವಳಿ ಮಾಡುವವರ ಹೆಸರು ಇರುತ್ತದೆ. ಅಪ್ಪ ಅಜ್ಜನ ಕಾಲದ ಹಳೆಯ ಪಹಣಿ, ಮ್ಯುಟೇಷನ್ ಪ್ರತಿಯನ್ನೂ ಕೇಳಿ. ಹೆಸರು ಯಾವಾಗ ಬದಲಾಯಿತು, ಯಾವ ಕಾಗದದ ಮೇಲೆ ಬದಲಾಯಿತು ಎಂದು ಅದರಲ್ಲಿ ಸಿಗುತ್ತದೆ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಋಣಭಾರ ಪತ್ರ ತೆಗೆದರೆ ನೋಂದಣಿ ಆದ ಮಾರಾಟ, ಹಕ್ಕು ಬಿಡುಗಡೆ, ವಿಭಾಗ ಪತ್ರಗಳು ಕಾಣುತ್ತವೆ. ಊರಿನ ಮನೆಗೆ ಪಂಚಾಯಿತಿಯ ಆಸ್ತಿ ದಾಖಲೆಯಾದ ಇ-ಸ್ವತ್ತು ನೋಡಿ.

ನಮ್ಮ ಮಲೆನಾಡಿನಲ್ಲಿ ಪಹಣಿ ಅರ್ಧ ಕಥೆ ಮಾತ್ರ ಹೇಳುತ್ತದೆ. ತೋಟದ ಜೊತೆ ಸೊಪ್ಪಿನ ಬೆಟ್ಟದ ಹಕ್ಕು (ತೋಟಕ್ಕೆ ಸೊಪ್ಪು ತರುವ ಕಾಡಿನ ಜಾಗದ ಹಕ್ಕು) ಇರುತ್ತದೆ, ಅದನ್ನು ಪಾಲಿನ ಪಟ್ಟಿಗೆ ಸೇರಿಸಲು ಮರೆಯುತ್ತಾರೆ. ಬಗರ್‌ಹುಕುಂ ಜಾಗ, ಅಂದರೆ ಮಂಜೂರಾತಿ ಇಲ್ಲದೆ ಸಾಗುವಳಿ ಮಾಡುತ್ತಿರುವ ಸರ್ಕಾರಿ ಜಾಗ ಇದ್ದರೆ, ಅದನ್ನು ಸಕ್ರಮ ಮಾಡಲು ಕೊಟ್ಟ ನಮೂನೆ 50, 53 ಅಥವಾ 57ರ ಅರ್ಜಿ ಯಾರ ಹೆಸರಿನಲ್ಲಿದೆ ನೋಡಿ. ಅಪ್ಪನ ಹೆಸರಿನ ಅರ್ಜಿಯನ್ನು ಒಬ್ಬ ಮಗ ಮಾತ್ರ ಮುಂದುವರಿಸಿಕೊಂಡು ಹೋಗಿರುತ್ತಾನೆ. ಶರಾವತಿ ಅಣೆಕಟ್ಟಿನಿಂದ ಜಮೀನು ಮುಳುಗಿ ಎತ್ತಂಗಡಿಯಾದವರ ಮನೆಗಳಲ್ಲಿ ಇನ್ನೂ ಕಷ್ಟ. ತಲೆಮಾರಿನಿಂದ ಉಳುತ್ತಿದ್ದರೂ ಎಷ್ಟೋ ಕಡೆ ಪಹಣಿ ಅವರ ಹೆಸರಿಗೆ ಬಂದಿಲ್ಲ. ಅಲ್ಲಿ ಮನೆ ಕಂದಾಯದ ರಸೀದಿ, ಕರೆಂಟ್ ಬಿಲ್, ಹಳೆಯ ಪುನರ್ವಸತಿ ಕಾಗದಗಳೇ ಆಧಾರ. ಅವುಗಳ ಪ್ರತಿ ಇಟ್ಟುಕೊಳ್ಳಿ.

ತೋಟದ ಜೊತೆ ಆದಾಯವನ್ನೂ ಲೆಕ್ಕ ಹಿಡಿಯಿರಿ. ಅಡಿಕೆ ಮಂಡಿಯ ಪಟ್ಟಿಗಳು, ಮ್ಯಾಮ್ಕೋಸ್‌ನಂಥ ಸಹಕಾರ ಸಂಘದಲ್ಲಿ ಅಪ್ಪನ ಹೆಸರಿನ ಷೇರು, ಠೇವಣಿ, ವಿಮೆ. ‘ನಾಮಿನಿ ನಾನೇ, ಹಾಗಾಗಿ ದುಡ್ಡು ನಂದೇ’ ಎಂದು ಯಾರಾದರೂ ಹೇಳಿದರೆ ತಲೆ ಆಡಿಸಬೇಡಿ. ಸಾಮಾನ್ಯವಾಗಿ ನಾಮಿನಿ ದುಡ್ಡನ್ನು ಪಡೆದುಕೊಳ್ಳುವವನು ಅಷ್ಟೇ, ಅದರಲ್ಲಿ ವಾರಸುದಾರರ ಹಕ್ಕು ಹೋಗುವುದಿಲ್ಲ.

ಇನ್ನು ಹಕ್ಕಿನ ಮಾತು. ‘ಬುದ್ಧಿ ಸರಿಯಿಲ್ಲದವರಿಗೆ ಪಾಲಿಲ್ಲ’ ಎಂಬುದು ಬರೀ ಸುಳ್ಳು. ಹಿಂದೂ ಉತ್ತರಾಧಿಕಾರ ಕಾಯ್ದೆ 1956ರ 28ನೇ ಕಲಂ, ರೋಗ ಅಥವಾ ಅಂಗದ ನ್ಯೂನತೆಯ ಕಾರಣಕ್ಕೆ ಯಾರನ್ನೂ ವಾರಸಿನಿಂದ ಹೊರಗಿಡುವಂತಿಲ್ಲ ಎನ್ನುತ್ತದೆ. ಬೇರೆ ಧರ್ಮದವರಿಗೆ ಪಾಲಿನ ಲೆಕ್ಕ ಬೇರೆ. ಆದರೆ ಆಸ್ತಿ ಹೊಂದುವ, ವಾರಸಾಗಿ ಪಡೆಯುವ ಸಮಾನ ಹಕ್ಕನ್ನು 2016ರ ಕಾಯ್ದೆ ಎಲ್ಲ ಅಂಗವಿಕಲರಿಗೂ ಕೊಟ್ಟಿದೆ. ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟ ಮಾಡಿದೆ. ಅಂಗವಿಕಲ ಅಕ್ಕಯ್ಯನಿಗೆ ಇವೆರಡೂ ಹಕ್ಕು ಇವೆ.

ಹಂತ 6: ಸಹಿ ತಡೆಯಿರಿ, ತಕರಾರು ಹಾಕಿ

ಈ ಲಕ್ಷಣಗಳು ಕಂಡರೆ ಅವತ್ತೇ ಏಳಿ:

ವಂಶವೃಕ್ಷದಲ್ಲಿ ಅವರ ಹೆಸರೇ ಇಲ್ಲ. ಪೌತಿ ಖಾತೆ ಒಬ್ಬನ ಹೆಸರಿಗೆ ಮಾತ್ರ ಆಗುತ್ತಿದೆ. ‘ಸಾಲ ಮನ್ನಾಕ್ಕೆ ಸಹಿ ಬೇಕು’, ‘ಪೆನ್ಶನ್‌ಗೆ ಹೆಬ್ಬೆಟ್ಟು ಬೇಕು’ ಎಂದು ಹೇಳಿ ಉಪನೋಂದಣಿ ಕಚೇರಿಗೆ ಕರೆದುಕೊಂಡು ಹೋಗುತ್ತಿದ್ದಾರೆ. ಹೆಸರು ಬರೆಯಲು ಬರುವವರ ಹತ್ತಿರ ಹೆಬ್ಬೆಟ್ಟು ಒತ್ತಿಸುತ್ತಾರೆ. ಖಾಲಿ ಛಾಪಾ ಕಾಗದಕ್ಕೆ ಸಹಿ ಕೇಳುತ್ತಾರೆ. ಇಷ್ಟು ದಿನ ಮಾತಾಡಿಸದವರು ಇದ್ದಕ್ಕಿದ್ದಂತೆ ಹೊಸ ಬಟ್ಟೆ ತಂದು ಕೊಟ್ಟು, ನಾಲ್ಕು ದಿನ ತಮ್ಮ ಮನೆಯಲ್ಲಿ ಇಟ್ಟುಕೊಳ್ಳುತ್ತಾರೆ. ಜಿಪಿಎ (ಅವರ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಕೊಡುವ ಅಧಿಕಾರ ಪತ್ರ) ಅಂದರೆ ‘ಸುಮ್ನೆ ಓಡಾಡಲಿಕ್ಕೆ ಒಂದು ಕಾಗದ’ ಎನ್ನುತ್ತಾರೆ. ಅದು ಆಸ್ತಿ ಮಾರುವ ಅಧಿಕಾರವನ್ನೇ ಕೊಡುವ ಕಾಗದ ಆಗಿರಬಹುದು.

ಮಾಡಬೇಕಾದ್ದು ಇಷ್ಟು. ಖಾತೆ ಬದಲಾವಣೆಗೆ ಅರ್ಜಿ ಬಿದ್ದಿದ್ದರೆ ತಹಶೀಲ್ದಾರರಿಗೆ ಲಿಖಿತ ತಕರಾರು ಕೊಡಿ. ಬಾಯಿಮಾತಿನಲ್ಲಿ ಹೇಳಿ ಬಂದರೆ ಅದು ಎಲ್ಲೂ ಉಳಿಯುವುದಿಲ್ಲ. ಯುಡಿಐಡಿ ಪ್ರತಿ, ಮಗ ಅಥವಾ ಮಗಳು ಎಂದು ತೋರಿಸುವ ಒಂದು ದಾಖಲೆ ಲಗತ್ತಿಸಿ, ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಕೇಳಬೇಕಾದ್ದು ‘ಖಾತೆ ತಡೆಯಿರಿ’ ಅಂತ ಅಲ್ಲ, ‘ಎಲ್ಲ ವಾರಸುದಾರರ ಹೆಸರಿಗೆ ಜಂಟಿ ಖಾತೆ ಮಾಡಿ’ ಅಂತ. ಜಂಟಿ ಖಾತೆ ಆದರೆ ಒಬ್ಬನೇ ಅಷ್ಟನ್ನೂ ಮಾರುವುದು, ಅಡ ಇಡುವುದು ಕಷ್ಟ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಅತಿ ಹೆಚ್ಚು ಕಾಪಾಡುವ ಒಂದು ಹೆಜ್ಜೆ ಇದೇ.

ತಹಶೀಲ್ದಾರರ ಆದೇಶ ವಿರುದ್ಧವಾಗಿ ಬಂದರೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ. ನಮ್ಮ ಜಿಲ್ಲೆಯಲ್ಲಿ ಅವರ ಕಚೇರಿ ಶಿವಮೊಗ್ಗದಲ್ಲಿ ಒಂದು, ಸಾಗರದಲ್ಲಿ ಒಂದು. ಅವಧಿ 60 ದಿನ. ಖಾತೆಯಲ್ಲಿ ಹೆಸರು ಹೋದ ತಕ್ಷಣ ಹಕ್ಕು ಹೋಗುವುದಿಲ್ಲ ಎಂಬುದನ್ನೂ ನೆನಪಿಡಿ. ಹಕ್ಕನ್ನು ಕೊನೆಗೆ ತೀರ್ಮಾನಿಸುವುದು ಸಿವಿಲ್ ನ್ಯಾಯಾಲಯ.

ಉಪನೋಂದಣಿ ಕಚೇರಿಗೂ ಒಂದು ಪತ್ರ ಕೊಡಿ. ಪತ್ರ ಬರೆದುಕೊಡುವವರಿಗೆ ಬುದ್ಧಿ ಸ್ಥಿಮಿತವಿಲ್ಲ ಎಂದು ಕಂಡರೆ ನೋಂದಣಿ ನಿರಾಕರಿಸಲು ನೋಂದಣಿ ಕಾಯ್ದೆಯ 35ನೇ ಕಲಂ ಹೇಳುತ್ತದೆ. ಆದರೆ ಇದನ್ನು ಯೋಚಿಸಿ ಬಳಸಿ. ಕಿವಿ ಕೇಳದವರು, ಕಣ್ಣು ಕಾಣದವರು, ನಡೆಯಲಾಗದವರು ‘ಬುದ್ಧಿ ಇಲ್ಲದವರು’ ಅಲ್ಲ. ಅವರ ವಿಷಯದಲ್ಲಿ ‘ಪತ್ರವನ್ನು ಅವರಿಗೆ ಅರ್ಥವಾಗುವ ಹಾಗೆ ಓದಿ ಹೇಳಿ, ಸನ್ನೆ ಭಾಷೆ ಬಲ್ಲವರನ್ನು ಕರೆಸಿ’ ಎಂದು ಬರೆಯಿರಿ.

ಸಹಿ ಆಗಲೇ ಆಗಿಹೋಗಿದ್ದರೂ ಕೈಚೆಲ್ಲಬೇಡಿ. ಮೋಸದಿಂದ, ಒತ್ತಡದಿಂದ ಮಾಡಿಸಿದ ಪತ್ರವನ್ನು ರದ್ದು ಮಾಡಲು ದಾವೆ ಹಾಕಬಹುದು. ಸಾಮಾನ್ಯವಾಗಿ ವಿಷಯ ಗೊತ್ತಾದ ದಿನದಿಂದ 3 ವರ್ಷದ ಒಳಗೆ. ನಮಗೆ ಇದು ಗೊತ್ತಾಗುವ ಹೊತ್ತಿಗೆ ಮಾವಯ್ಯನ ವಿಷಯದಲ್ಲಿ ಆ 3 ವರ್ಷ ದಾಟಿತ್ತು.

ಹಂತ 7: ಪಾಲಕರು ಬೇಕೇ?

ಎಲ್ಲರಿಗೂ ಬೇಡ. ಪೋಲಿಯೊ ಆದವರಿಗೆ, ಕುರುಡರಿಗೆ, ಕಿವುಡರಿಗೆ ಪಾಲಕರನ್ನು ನೇಮಿಸಲು ಓಡಾಡುವುದು ಅವರ ಹಕ್ಕನ್ನು ನಾವೇ ಕಿತ್ತುಕೊಂಡ ಹಾಗೆ.

ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ಅಂಗವೈಕಲ್ಯ ಇದ್ದು 18 ವರ್ಷ ದಾಟಿದವರಿಗೆ ರಾಷ್ಟ್ರೀಯ ನ್ಯಾಸ ಕಾಯ್ದೆ 1999ರ ಅಡಿ ಕಾನೂನು ಪಾಲಕರನ್ನು ನೇಮಿಸಬಹುದು. ಜಿಲ್ಲಾಧಿಕಾರಿಗಳ ನೇತೃತ್ವದ ಸ್ಥಳೀಯ ಮಟ್ಟದ ಸಮಿತಿ ಇದನ್ನು ಮಾಡುತ್ತದೆ. ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಬೇರೆ ಅಂಗವೈಕಲ್ಯದವರಿಗೆ ನಿಜಕ್ಕೂ ಅಗತ್ಯ ಬಿದ್ದರೆ, ಅವರ ಜೊತೆ ಸಮಾಲೋಚಿಸಿ ಒಂದು ನಿರ್ದಿಷ್ಟ ಕೆಲಸಕ್ಕೆ, ನಿರ್ದಿಷ್ಟ ಅವಧಿಗೆ ಮಾತ್ರ ಸೀಮಿತ ಪಾಲಕತ್ವ ಕೇಳಬಹುದು. ಇದಕ್ಕೆ ಜಿಲ್ಲಾ ನ್ಯಾಯಾಲಯ ಇದೆ.

ಪಾಲು ತಪ್ಪಿಸಲು ನೋಡುತ್ತಿರುವ ಅಣ್ಣನೇ ಪಾಲಕನಾಗಲು ಅರ್ಜಿ ಹಾಕಿದ್ದರೆ ಸಮಿತಿಗೆ ಲಿಖಿತ ಆಕ್ಷೇಪಣೆ ಕೊಡಿ. ಆಗಲೇ ನೇಮಕ ಆಗಿದ್ದರೆ ಲೆಕ್ಕ ಕೇಳಿ. ನೇಮಕವಾದ 6 ತಿಂಗಳಲ್ಲಿ ಆಸ್ತಿಯ ಪಟ್ಟಿ, ಪ್ರತಿ ಹಣಕಾಸು ವರ್ಷ ಮುಗಿದ 3 ತಿಂಗಳಲ್ಲಿ ಲೆಕ್ಕಪತ್ರವನ್ನು ಪಾಲಕ ಸಲ್ಲಿಸಲೇಬೇಕು. ಆಸ್ತಿಯನ್ನು ಹಾಳು ಮಾಡುತ್ತಿದ್ದರೆ ಪಾಲಕತ್ವ ತೆಗೆಸಬಹುದು.

ಹಂತ 8: ಉಚಿತ ವಕೀಲರು, ರಾಜಿ, ದಾವೆ

ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ, ಕಾನೂನು ನೆರವು ಉಚಿತ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂನಲ್ಲಿ ಅದು ಇದೆ. ಶಿವಮೊಗ್ಗದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ, ತಾಲೂಕಿನ ನ್ಯಾಯಾಲಯಗಳಲ್ಲಿ ತಾಲೂಕು ಸಮಿತಿ. ಫೋನ್ 15100. ಹೋಗುವಾಗ 2ನೇ ಹಂತದ ಫೈಲು, 5ನೇ ಹಂತದ ಆಸ್ತಿ ಪಟ್ಟಿ, 1ನೇ ಹಂತದ ನೋಟ್‌ಬುಕ್ ಕೈಯಲ್ಲಿರಲಿ. ಫೈಲು ಇಲ್ಲದೆ ಹೋದವರಿಗೆ ವಕೀಲರು ಇದನ್ನೇ ತರಲು ಹೇಳಿ ವಾಪಸ್ ಕಳಿಸುತ್ತಾರೆ.

ರಾಜಿ ಆಗುವುದಾದರೆ ಆಗಲಿ, ಅದು ಒಳ್ಳೆಯದೇ. ಆದರೆ ‘ಅವನು ಬದುಕಿರುವವರೆಗೆ ಅನ್ನ ಹಾಕುತ್ತೇವೆ’ ಎಂಬ ಮಾತಿಗೆ ಪಾಲು ಬಿಟ್ಟುಕೊಡಿಸಬೇಡಿ. ಅನ್ನ ಹಾಕುವ ಅತ್ತಿಗೆಗೂ ವಯಸ್ಸಾಗುತ್ತದೆ, ಮುಂದಿನ ತಲೆಮಾರು ಆ ಮಾತು ಕೊಟ್ಟಿರುವುದಿಲ್ಲ. ಪಾಲು ಅವರ ಹೆಸರಿನಲ್ಲೇ ಉಳಿದು, ತೋಟ ನೋಡಿಕೊಳ್ಳುವವರು ವರ್ಷಕ್ಕೆ ಇಷ್ಟು ಎಂದು ಅವರ ಖಾತೆಗೆ ಹಾಕುವ ಒಪ್ಪಂದ ಹೆಚ್ಚು ಬಾಳಿಕೆ ಬರುತ್ತದೆ. ಕೊಯ್ಲು ಮುಗಿದು ಅಡಿಕೆ ಮಂಡಿಗೆ ಹೋಗುವ ತಿಂಗಳಿಗೇ ಕಂತು ಇಡಿ. ಇರುವ ಮನೆಯಲ್ಲಿ ಒಂದು ಕೋಣೆ, ಬಚ್ಚಲಿಗೆ ಹೋಗುವ ದಾರಿ ಇವನ್ನೂ ಪತ್ರದಲ್ಲಿ ಬರೆಸಿ. ವಿಭಾಗ ಪತ್ರ ಮಾಡುವುದಾದರೆ ನೋಂದಣಿ ಮಾಡಿಸಿ, ಜಮೀನು ಭಾಗ ಮಾಡಿ ಅಳೆದು ಕೊಡುವ 11ಇ ನಕ್ಷೆಯಲ್ಲಿ ಅವರ ಭಾಗಕ್ಕೆ ನೀರು, ದಾರಿ ಇದೆಯಾ ನೋಡಿ. ತೋಟದ ಮೂಲೆಯ ಹಳು ತುಂಬಿದ ಜಾಗವನ್ನೇ ಅವರಿಗೆ ಬಿಡುವುದು ಸಾಮಾನ್ಯ.

ಲೋಕ ಅದಾಲತ್‌ನಲ್ಲಿ ಆದ ರಾಜಿಗೆ ಮೇಲ್ಮನವಿ ಇಲ್ಲ. ಆದ್ದರಿಂದ ಅಲ್ಲಿ ಸಹಿ ಹಾಕುವ ಮೊದಲು ಒಂದು ರಾತ್ರಿ ಯೋಚಿಸಲು ಅವರಿಗೆ ಸಮಯ ಕೇಳಿ.

ರಾಜಿ ಆಗದಿದ್ದರೆ ಪಾಲಿನ ದಾವೆ, ಜೊತೆಗೇ ಮಾರಾಟ ಮಾಡದಂತೆ ತಾತ್ಕಾಲಿಕ ತಡೆಯಾಜ್ಞೆ. ತಮ್ಮ ಹಿತವನ್ನು ತಾವೇ ನೋಡಿಕೊಳ್ಳಲಾಗದ ಮಾನಸಿಕ ಸ್ಥಿತಿಯವರ ಪರವಾಗಿ ಹಿತೈಷಿಯೊಬ್ಬರು ದಾವೆ ಹಾಕಬಹುದು. ಅಂಥ ದಾವೆಯಲ್ಲಿ ನ್ಯಾಯಾಲಯದ ಅನುಮತಿ ಇಲ್ಲದೆ ರಾಜಿ ಮಾಡುವಂತಿಲ್ಲ. ತಡೆಯಾಜ್ಞೆ ಸಿಕ್ಕಿದರೆ ಅದರ ಪ್ರತಿಯನ್ನು ತಹಶೀಲ್ದಾರ್ ಕಚೇರಿಗೂ ಉಪನೋಂದಣಿ ಕಚೇರಿಗೂ ನೀವೇ ತಲುಪಿಸಿ.

ಹಂತ 9: ಆಮೇಲೆ ವರ್ಷ ವರ್ಷ

ದಾವೆ ಹಾಕಿದ ವಾರ, ನೋಟಿಸು ಮನೆಗೆ ತಲುಪಿದ ವಾರ ತುಂಬಾ ಸೂಕ್ಷ್ಮ. ಆ ದಿನಗಳಲ್ಲಿ ಎರಡು ದಿನಕ್ಕೊಮ್ಮೆ ಹೋಗಿ ನೋಡಿ, ಅಥವಾ ಹತ್ತಿರದವರ ಮನೆಗೆ ಕರೆದುಕೊಂಡು ಬನ್ನಿ. ಊಟ ಆಯಿತಾ, ಔಷಧಿ ತೆಗೆದುಕೊಂಡಿರಾ ಎಂದು ಅವರನ್ನೇ ಕೇಳಿ.

ಎಲ್ಲ ಮುಗಿದ ಮೇಲೂ ವರ್ಷಕ್ಕೊಮ್ಮೆ, ಮಂಡಿಯ ದುಡ್ಡು ಬರುವ ಹೊತ್ತಿಗೆ, ಒಂದು ದಿನ ಇಟ್ಟುಕೊಳ್ಳಿ. ಹೊಸ ಪಹಣಿ ತೆಗೆಸಿ, ಋಣಭಾರ ಪತ್ರ ನೋಡಿ, ಪಾಸ್‌ಬುಕ್ ತುಂಬಿಸಿ, ಯುಡಿಐಡಿ ತಾರೀಕು ನೋಡಿ. ನಾಲ್ಕನ್ನೂ ಅವರ ಎದುರಿಗೇ ಇಟ್ಟು, ಅವರ ಹೆಸರು ಇರುವ ಸಾಲಿನ ಮೇಲೆ ಅವರ ಬೆರಳು ಇಟ್ಟು ತೋರಿಸಿ.